ಪೆನ್ಸಿಲಿನಲ್ಲಿ ಇಲ್ಲದ ಎರಡು ಗೆರೆ

ಡಾಕ್ಟರ್ ಸುನಿಲ್ ಆ ಮಾತನ್ನು ಧೈರ್ಯ ತುಂಬಲೆಂದೇ ಹೇಳಿದ್ದು. ಪ್ರೇಮಲೀಲಾಳ ತಂಗಿ ಹೇಮಶ್ರೀಗೆ ಎಡಗಿವಿಯ ಮೇಲೆ, ಮೆದುಳಿನ ಅಡಿಯಲ್ಲಿ, ನಿಂಬೆಹಣ್ಣಿನಷ್ಟು ದಪ್ಪದ ಗಡ್ಡೆ ಇತ್ತು. ಕೆಟ್ಟ ಜಾತಿಯ ಗಡ್ಡೆಯಲ್ಲ, ಆದರೆ ಬೆಳೆಯುತ್ತಿದೆ. ಗುರುವಾರ ಬೆಳಿಗ್ಗೆ ಬುರುಡೆ ತೆರೆದು, ಮೆದುಳನ್ನು ಪಕ್ಕದಿಂದ ಒಂದಿಷ್ಟು ಮೇಲಕ್ಕೆತ್ತಿ ತೆಗೆದುಬಿಡೋಣ ಎಂದಿದ್ದರು. ಹಾಗೆ ಎತ್ತುವಾಗ ಮೆದುಳಿನ ಮೇಲ್ಮೈಯಿಂದ ರಕ್ತ ಹೊರಗೊಯ್ಯುವ ನಾಳ, ಅಭಿಧಮನಿ, ಹರಿದುಹೋದರೆ ಎಂದು ಪ್ರೇಮಲೀಲಾ ಕೇಳಿದಳು. ರೋಗಿಯ ಕಡೆಯವರು ಇಂಥದ್ದನ್ನು ಕೇಳುವುದು ಅಪರೂಪ. ಡಾಕ್ಟರು ಕತ್ತೆತ್ತಿ ನೋಡಿ ನಕ್ಕರು.

“ಆ ಜಾಗದಲ್ಲಿ ಎರಡು ಮೂರು ಇರ್ತವೆ ಮೇಡಂ. ಒಂದು ಹೋದ್ರೂ ಉಳಿದವು ಅದರ ಕೆಲಸ ನೋಡ್ಕೊಳ್ತವೆ.”

ಪ್ರೇಮಲೀಲಾಳಿಗೆ ಆ ಮಾತಿನ ಗುರುತು ಸಿಕ್ಕಿತು. ಅದು ಡಾಕ್ಟರ ಮಾತಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳೇ, ತನ್ನ ದುಂಡು ಅಕ್ಷರದಲ್ಲಿ, ಒಂದು ಚಾರ್ಟಿನ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದ ಸಾಲು. ಆ ಚಾರ್ಟು ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದ ಗೋಡೆಯ ಮೇಲೆ ಇವತ್ತಿಗೂ ಇದೆ. ಅದರಲ್ಲಿ ಒಂದು ಸುಳ್ಳಿದೆ ಎಂಬುದು ಅವಳಿಗೆ ಗೊತ್ತು.

ಅವಳು ಆಗಲೇ ಬಾಯಿಬಿಡಬಹುದಿತ್ತು. ಪಕ್ಕದಲ್ಲಿ ಹೇಮಶ್ರೀಯ ಗಂಡ ಶಿವಕುಮಾರ್ ಕೈಕಟ್ಟಿ ಕೂತಿದ್ದ. ಡಾಕ್ಟರ ನಗು ನೋಡಿ ಅವನ ಮುಖಕ್ಕೆ ಎರಡು ವಾರದಲ್ಲಿ ಮೊದಲ ಸಲ ಬಣ್ಣ ಬಂದಿತ್ತು. ಪ್ರೇಮಲೀಲಾ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಎದ್ದು ಬಂದಳು.

ಚಿತ್ರಕಲೆಯಲ್ಲಿ ಪದವಿ ಮುಗಿಸಿ, ತೊಂಬತ್ತನೇ ಇಸವಿಯಲ್ಲಿ ಅವಳು ಆ ಕಾಲೇಜಿಗೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದಳು. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಹೆಣ ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಸೀರೆಗೂ ಮೈಗೂ ಹತ್ತಿಕೊಂಡು ತನ್ನದೇ ಆಯಿತು. ಅಟೆಂಡರ್ ಸಿದ್ದಪ್ಪಾಜಿ ಗರಗಸದಲ್ಲಿ ಬುರುಡೆ ಕೊಯ್ದು, ಹಸುಗೂಸನ್ನು ಎತ್ತುವವನಂತೆ ಎರಡೂ ಕೈಯಲ್ಲಿ ಮೆದುಳನ್ನು ಎತ್ತಿ, ಬಿಳಿ ತಟ್ಟೆಯಲ್ಲಿಟ್ಟು ಅವಳ ಮೇಜಿಗೆ ತಂದುಕೊಡುತ್ತಿದ್ದ. ಅವಳು ಅದರ ಮೇಲೆ ಹರಡಿಕೊಂಡ ನಾಳಗಳನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಪ್ರೊಫೆಸರ್ ವೃಷಭೇಂದ್ರಪ್ಪನವರು ತಿದ್ದಬೇಕು. ಆಮೇಲೆ ನೀಲಿ ಶಾಯಿ. ಹೀಗೆ ಮೂವತ್ತು ಮೆದುಳು ಬರೆದ ಮೇಲೆ, ಅವುಗಳಲ್ಲಿ ಚೊಕ್ಕಟವಾದ ಒಂದನ್ನು ಆರಿಸಿ ಗೋಡೆಯಗಲ ಚಾರ್ಟು ಮಾಡುವುದೆಂದು ಗೊತ್ತಾಯಿತು. ಆರಿಸಿದ್ದು ಹದಿನೇಳನೆಯದನ್ನು.

ಹದಿನೇಳರಲ್ಲಿ, ಕಿವಿಯ ಹಿಂಭಾಗದಿಂದ ಇಳಿದುಬರುವ ನಾಳ ಒಂದೇ ಇತ್ತು. ಪುಸ್ತಕದ ಚಿತ್ರದಲ್ಲಿ ಮೂರು.

ವೃಷಭೇಂದ್ರಪ್ಪನವರು ಒಳ್ಳೆಯ ಮನುಷ್ಯರು. ಆದರೆ ಅವರದೊಂದು ಕಾಯಂ ಮಾತಿತ್ತು: ಪುಸ್ತಕದಲ್ಲಿದ್ದು ತಟ್ಟೆಯಲ್ಲಿ ಇಲ್ಲ ಅಂದರೆ ಅದನ್ನು ಸಿದ್ದಪ್ಪಾಜಿ ಕಿತ್ತಿದ್ದಾನೆ ಅಂತ ತಿಳ್ಕೊಳ್ಳಿ. ಬುರುಡೆಯಿಂದ ಮೆದುಳು ತೆಗೆಯುವಾಗ ಕೆಲವು ನಾಳಗಳು ಹರಿಯುವುದು ನಿಜವೇ. ಹಾಗಾಗಿ ಹುಡುಗರು ನಗುತ್ತಿದ್ದರು, ಸಿದ್ದಪ್ಪಾಜಿ ತಲೆ ತಗ್ಗಿಸುತ್ತಿದ್ದ, ಇಲ್ಲದ ನಾಳಗಳೆಲ್ಲ ಅವನ ಲೆಕ್ಕಕ್ಕೆ ಹೋಗುತ್ತಿದ್ದವು. ಹದಿನೇಳರ ದಿನವೂ ಹಾಗೆಯೇ ಆಯಿತು; ಸಿದ್ದಪ್ಪಾಜಿ ಏನೋ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದೆರಡನ್ನೂ ಬರೆದುಬಿಡಮ್ಮ, ಪರೀಕ್ಷೆಗೆ ಹೊರಗಿನವರು ಬರ್ತಾರೆ ಎಂದು ಪ್ರೊಫೆಸರು ಹೇಳಿದರು. ಪ್ರೇಮಲೀಲಾ ಭೂತಗನ್ನಡಿ ಹಿಡಿದು ನೋಡಿದ್ದಳು. ಹರಿದ ತುದಿ ಎಲ್ಲೂ ಇರಲಿಲ್ಲ. ಅವಳಿಗೆ ಆಗ ಇಪ್ಪತ್ನಾಲ್ಕು ವರ್ಷ, ಕೆಲಸ ಕಾಯಂ ಆಗಿರಲಿಲ್ಲ. ಪೆನ್ಸಿಲಿನಲ್ಲಿ ಒಂದಿದ್ದದ್ದು ಶಾಯಿಯಲ್ಲಿ ಮೂರಾಯಿತು.

ಆ ವರ್ಷ ಡಾಕ್ಟರಿಕೆಯ ಮೊದಲ ವರ್ಷದ ತರಗತಿಯಲ್ಲಿ ಕೂತು ಆ ಚಾರ್ಟನ್ನು ಬಾಯಿಪಾಠ ಮಾಡಿದವರಲ್ಲಿ ಸುನಿಲ್ ಒಬ್ಬ.

ಎಲ್ಲರಲ್ಲೂ ಮೂರಿದ್ದರೆ ಭಯವಿಲ್ಲ. ಒಂದೇ ಇದ್ದವರಲ್ಲಿ ಆ ಭಾಗದ ರಕ್ತವೆಲ್ಲ ಅದೊಂದೇ ದಾರಿಯಲ್ಲಿ ಹೊರಗೆ ಹೋಗಬೇಕು. ಅದು ಹರಿದರೆ ಬಂದ ರಕ್ತಕ್ಕೆ ದಾರಿ ಮುಚ್ಚಿತು. ಮೆದುಳು ಊದಿಕೊಳ್ಳುತ್ತದೆ, ಸಾಯುತ್ತದೆ. ಎಡಗಡೆ ಆ ಜಾಗ ಮಾತಿನ ಜಾಗ.

ಮಾತೇ ಹೇಮಶ್ರೀಯ ಅನ್ನ. ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಮೈಕ್ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಯಾವ್ಯಾವ ಊರು ಮುಟ್ಟುತ್ತದೆ ಎಂದು ಕೂಗುವವಳು ಅವಳು. ಕಾಯಿಲೆ ಗೊತ್ತಾದದ್ದೂ ಅಲ್ಲೇ. ಒಂದು ಮಧ್ಯಾಹ್ನ ‘ಹುಣಸೂರು ಮಾರ್ಗವಾಗಿ’ ಎಂದವಳು ಅರ್ಧ ನಿಮಿಷ ನಿಂತುಬಿಟ್ಟಳಂತೆ. ಬರೀ ಉಸಿರಾಟದ ಸದ್ದು ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸಿತಂತೆ. ಅಂದಿನಿಂದ ಪ್ರೇಮಲೀಲಾ ತಂಗಿಯ ಮಾತುಗಳನ್ನು ಗಮನಿಸುತ್ತಲೇ ಇದ್ದಳು. ಊಟಕ್ಕೆ ಕೂತಾಗ ಸಾರನ್ನು ‘ಅದು’ ಎಂದರೆ ಎದೆ ಹಾರುತ್ತಿತ್ತು, ಸಾರು ಎಂದರೆ ಉಸಿರು ಬರುತ್ತಿತ್ತು. ಹೇಮಶ್ರೀ ಮಾತ್ರ ಆಸ್ಪತ್ರೆಯ ಮಂಚದ ಮೇಲೆ ಕೂತು, ನಮ್ಮಕ್ಕನಿಗೆ ಹೆದರೋದಕ್ಕೇ ಸರ್ಕಾರ ಪಿಂಚಣಿ ಕೊಡಬೇಕು ಎಂದು ನರ್ಸುಗಳ ಮುಂದೆ ಆಡಿಕೊಳ್ಳುತ್ತಿದ್ದಳು.

ಮಂಗಳವಾರ ಸಂಜೆ ಪ್ರೇಮಲೀಲಾ ವಿದ್ಯಾರಣ್ಯಪುರದ ಮನೆಗೆ ಹೋಗಿ ಟ್ರಂಕು ತೆಗೆದಳು. ಶಾಯಿಯ ಚಿತ್ರಗಳು ಕಾಲೇಜಿಗೆ ಸೇರಿದ್ದವು. ಪೆನ್ಸಿಲಿನವು ಯಾರಿಗೂ ಬೇಡವಾಗಿ ಅವಳ ಹತ್ತಿರ ಉಳಿದಿದ್ದವು. ಮೂವತ್ತು ಹಾಳೆಗಳನ್ನೂ ನೆಲದ ಮೇಲೆ ಹರಡಿದಳು. ಒಂದರಂತೆ ಇನ್ನೊಂದಿರಲಿಲ್ಲ. ಒಂದರಲ್ಲಿ ನಾಳ ಕವಲೊಡೆದು ಕೂಡಿತ್ತು, ಇನ್ನೊಂದರಲ್ಲಿ ದಾರದಷ್ಟು ಸಣ್ಣದಾಗಿತ್ತು, ಮತ್ತೊಂದರಲ್ಲಿ ಇರಲೇ ಇಲ್ಲ. ಹಿಂಭಾಗದಲ್ಲಿ ಒಂದೇ ದಪ್ಪ ನಾಳ ಇದ್ದವು ಒಂಬತ್ತು. ಅವಳು ಮೂರು ಸಲ ಎಣಿಸಿದಳು.

ಒಂಬತ್ತನ್ನೂ ಸಿದ್ದಪ್ಪಾಜಿ ಕಿತ್ತಿದ್ದನೇ? ಬುಧವಾರ ಬೆಳಿಗ್ಗೆ ಅವಳು ಉದಯಗಿರಿಗೆ ಹೋದಳು. ನಿವೃತ್ತನಾದ ಸಿದ್ದಪ್ಪಾಜಿ ಅಲ್ಲಿ ಮಗನ ಸೈಕಲ್ ಷಾಪಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಹಾಳೆ ತೋರಿಸಿದಾಗ ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಇದು ಆ ಎತ್ತರದ ಮನ್ಸನ್ದು. ಅದಿನೇಳು. ಅಲ್ವ್ರಾ?”

ಹೌದೆಂದಳು. ಅವತ್ತು ನಿಜವಾಗಿಯೂ ಕಿತ್ತುಬಂದಿತ್ತೇ ಎಂದು ಕೇಳಿದಳು. ಸಿದ್ದಪ್ಪಾಜಿ ಹಾಳೆಯನ್ನು ಮಡಿಸದೆ ಜೋಪಾನವಾಗಿ ಹಿಂದಕ್ಕೆ ಕೊಟ್ಟ.

“ಅವತ್ತೇ ಏಳಿದ್ನಲ್ಲವ್ವ, ಇರ್ನೇ ಇಲ್ಲ ಅಂತ. ಕಿತ್ರೆ ತುದಿ ಉಳೀತದೆ. ನಾ ಕಿತ್ತಿದ್ದು ನಂಗೆ ಗೊತ್ತಾಗಕಿಲ್ವಾ? ಮೂವತ್ತು ವರ್ಸ ಇದೇ ಕೈಯಾಗೆ ತೆಗ್ದಿವ್ನಿ. ಎಲ್ರುದೂ ಒಂದೇ ತರ ಇರಕ್ಕೆ ಅದೇನ್ ಸರ್ಕಾರ ಕೊಟ್ಟ ಯೂನಿಫಾರ್ಮಾ?”

ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. “ಈಗ್ಯಾಕೆ ಕೇಳ್ತಿದ್ದೀರಿ? ಯಾರ್ಗೆ ಏನಾಯ್ತು?”

ಅವಳು ಹಾಳೆಯನ್ನು ಬ್ಯಾಗಿಗೆ ಸೇರಿಸಿದಳು. ಆಟೋ ಹಿಡಿದು ಆಸ್ಪತ್ರೆಗೆ ಹೋದಳು.

ದಾರಿಯುದ್ದಕ್ಕೂ ಎರಡು ಭಯಗಳು ಅವಳನ್ನು ಹಂಚಿಕೊಂಡು ತಿಂದವು. ಹೇಳದಿದ್ದರೆ ನಾಳೆ ಆ ನಾಳ ಹೋಗಬಹುದು. ಹೇಳಿದರೆ, ಕತ್ತಿ ಹಿಡಿಯುವ ಕೈಗೆ ಹಿಂದಿನ ದಿನ ಅನುಮಾನ ತುಂಬಿದ ಹಾಗೆ ಆಗಬಹುದು. ಆ ಕೈ ನಡುಗಿದರೆ? ಚಿತ್ರ ಬರೆಯುವವಳು ಸರ್ಜನ್‌ಗೆ ಬುದ್ಧಿ ಹೇಳಲು ಬಂದಳೆಂದು ಅವರು ಕೋಪಿಸಿಕೊಂಡರೆ? ಎರಡು ಸಲ ಆಟೋದವನಿಗೆ ಹಿಂದಕ್ಕೆ ತಿರುಗಿಸು ಎನ್ನಬೇಕೆಂದುಕೊಂಡಳು. ಎನ್ನಲಿಲ್ಲ.

ಡಾಕ್ಟರ್ ಸುನಿಲ್ ಊಟಕ್ಕೆ ಏಳುವವರಿದ್ದರು. ಅವಳು ನಿಂತೇ ಇದ್ದು, ಹಾಳೆಗಳನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಮೊದಲಿಂದ ಹೇಳಿದಳು. ಪ್ರೊಫೆಸರು ಹೇಳಿದ್ದು, ತಾನು ನೋಡಿದ್ದು, ನೋಡಿಯೂ ಬರೆದದ್ದು. ನಡುವೆ ಎಲ್ಲೂ ಅಳಲಿಲ್ಲ; ಅತ್ತರೆ ಮಾತಿಗೆ ಬೆಲೆ ಇರುವುದಿಲ್ಲ ಎಂದು ಹೆದರಿದ್ದಳು.

ಮೊದಲು ಅವರಿಗೆ ಸಿಟ್ಟೇ ಬಂತು. ತಾನು ಚಾರ್ಟ್ ನೋಡಿಕೊಂಡು ಆಪರೇಷನ್ ಮಾಡುವವನಲ್ಲ, ವ್ಯತ್ಯಾಸ ಇರುತ್ತದೆಂದು ತನಗೂ ಗೊತ್ತು, ಮೆದುಳಿನ ಆಂಜಿಯೋಗ್ರಾಮೂ ಮಾಡಿಸಿದ್ದಾಗಿದೆ ಎಂದರು. ಎಂದವರು ಅದರ ಲಕೋಟೆಯನ್ನು ತೆಗೆದು, ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಒಂದೊಂದಾಗಿ ಸಿಕ್ಕಿಸಿದರು. ರಕ್ತ ಮೆದುಳಿಗೆ ಏರುವ ನಾಳಗಳೆಲ್ಲ ಬೇರು ಬಿಟ್ಟ ಹಾಗೆ ಸ್ಪಷ್ಟವಾಗಿದ್ದವು. ಕೊನೆಯ ಫಿಲ್ಮೂ ಸಿಕ್ಕಿಸಿ ಆಯಿತು. ಲಕೋಟೆಯೊಳಗೆ ಕೈ ಹಾಕಿ ಮತ್ತೆ ನೋಡಿದರು. ರಕ್ತ ಇಳಿದು ಹೊರಗೆ ಹೋಗುವ ಹೊತ್ತಿನ ಫಿಲ್ಮುಗಳು ಅದರಲ್ಲಿ ಇರಲಿಲ್ಲ. ಗಡ್ಡೆಗೆ ರಕ್ತ ಎಲ್ಲಿಂದ ಬರುತ್ತದೆ ಎಂಬುದಷ್ಟೇ ಬೇಕಾಗಿದ್ದರಿಂದ ಅವರೂ ಕೇಳಿರಲಿಲ್ಲ, ಸ್ಕ್ಯಾನಿಂಗ್ ಸೆಂಟರಿನವರೂ ಕಳಿಸಿರಲಿಲ್ಲ.

“ಕೂತ್ಕೊಳ್ಳಿ ಮೇಡಂ,” ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದು ಹೋದದ್ದು ಕಂಡು ಅವಳಿಗೆ ಇನ್ನೂ ಹೆಚ್ಚು ಭಯವಾಯಿತು.

ಶಿವಕುಮಾರ್ ಸ್ಕೂಟರಿನಲ್ಲಿ ಹೋಗಿ ಉಳಿದ ಫಿಲ್ಮುಗಳನ್ನು ಸಂಜೆ ಐದಕ್ಕೆ ತಂದ. ಬೆಳಕಿನ ಪೆಟ್ಟಿಗೆಯ ಮುಂದೆ ಡಾಕ್ಟರ ಪಕ್ಕದಲ್ಲಿ ಪ್ರೇಮಲೀಲಾ ನಿಂತಳು. ಹುಡುಕಬೇಕಾಗಿರಲಿಲ್ಲ. ಕಿವಿಯ ಹಿಂದೆ, ಕಡ್ಡಿಯಷ್ಟು ದಪ್ಪಗೆ, ಕಪ್ಪಗೆ, ಒಂದೇ ಒಂದು ನಾಳ. ಅಕ್ಕಪಕ್ಕ ಬರೀ ಬೂದು. ಅದೇ ಹದಿನೇಳು. ತನ್ನ ಪೆನ್ಸಿಲಿನ ಗೆರೆಯೇ ತಂಗಿಯ ತಲೆಯೊಳಗೆ ಹೋಗಿ ಕೂತಿದೆಯೇನೋ ಎಂಬಂತೆ ಅವಳಿಗೆ ಕಂಡಿತು.

ಡಾಕ್ಟರು ಬಹಳ ಹೊತ್ತು ನೋಡಿದರು. ಪಕ್ಕದಿಂದ ಎತ್ತುವುದಿಲ್ಲ, ಮುಂದಿನಿಂದ ಹೋಗುತ್ತೇನೆ, ಹೆಚ್ಚು ಹೊತ್ತು ಹಿಡಿಯುತ್ತದೆ, ಆ ನಾಳಕ್ಕೆ ಅಂಟಿಕೊಂಡ ಚೂರು ಗಡ್ಡೆ ಇದ್ದರೆ ಅದನ್ನು ಅಲ್ಲೇ ಬಿಡುತ್ತೇನೆ ಎಂದರು. ಇಷ್ಟಾದರೂ ಖಾತ್ರಿ ಕೊಡಲಾರೆ ಎಂದೂ ಹೇಳಿದರು. ಹೋಗುವಾಗ ಹದಿನೇಳನೇ ಹಾಳೆಯನ್ನು ಕೇಳಿ ಇಟ್ಟುಕೊಂಡರು.

ಗುರುವಾರ ಬೆಳಿಗ್ಗೆ ತಲೆ ಬೋಳಿಸಿಕೊಂಡು ಹಸಿರು ಗೌನಿನಲ್ಲಿ ಮಲಗಿದ್ದ ಹೇಮಶ್ರೀ, ಹಣೆಯ ವಿಭೂತಿ ಅಳಿಸುತ್ತಿದ್ದ ನರ್ಸಿಗೆ, ಕಂಡಕ್ಟರಮ್ಮ, ಟಿಕೆಟ್ ಇಲ್ಲದೆ ಒಳಗೆ ಬಿಡ್ತೀರಾ ಎಂದು ಕೇಳಿದಳು. ಮೈಮೇಲೆ ಲೋಹ ಇರುವಂತಿಲ್ಲವೆಂದಾಗ ಮಾತ್ರ ಅವಳ ಮುಖ ಸಪ್ಪಗಾಯಿತು. ಹುಟ್ಟಿದಾಗಿನಿಂದ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು, ಒಳಗಿನ ಲಿಂಗದ ಸಮೇತ ಬಿಚ್ಚಿ, ಅಕ್ಕನ ಕೈಗೆ ಕೊಟ್ಟಳು. “ಕೆಳಗಿಡಬೇಡ ಕಣೇ.”

ಪ್ರೇಮಲೀಲಾ ಇಡಲಿಲ್ಲ. ಒಂಬತ್ತು ಗಂಟೆ ಕಾಲ ಅಂಗೈಯಲ್ಲೇ ಹಿಡಿದು ಕೂತಿದ್ದಳು. ಬಾಗಿಲು ಅಲ್ಲಾಡಿದಾಗಲೆಲ್ಲ, ಈಗ ಹರಿದಿರಬೇಕು ಎಂದುಕೊಂಡಳು. ಒಳಗಿಂದ ಯಾರಾದರೂ ಬೇಗ ನಡೆದುಬಂದರೂ, ನಿಧಾನ ಬಂದರೂ ಅದೇ ಅರ್ಥ ಹಚ್ಚಿದಳು. ಮಧ್ಯಾಹ್ನ ಶಿವಕುಮಾರ್ ಕಾಫಿ ತಂದಾಗ ಎಡಗೈಯಲ್ಲಿ ಇಸಿದುಕೊಂಡಳು. ಕರಡಿಗೆಯ ಅಂಚು ಬಲ ಅಂಗೈಯಲ್ಲಿ ಗುರುತು ಮಾಡಿತ್ತು.

ಸಂಜೆ ಡಾಕ್ಟರು ಹೊರಗೆ ಬಂದು, ನಾಳ ಉಳಿದಿದೆ, ಎಂದಷ್ಟೇ ಹೇಳಿದರು. ಎಚ್ಚರವಾಗಿ ಮಾತಾಡುವವರೆಗೆ ಏನೂ ಹೇಳಲಾಗದು.

ಶುಕ್ರವಾರ ಹೇಮಶ್ರೀ ಕಣ್ಣು ಬಿಟ್ಟಳು, ಕೈ ಹಿಸುಕಿದಳು, ಮಾತಾಡಲಿಲ್ಲ. ಊದಿಕೊಂಡಿದೆ, ಇಳಿಯಲಿ ಎಂದರು. ಶನಿವಾರ ನೀರು ಬೇಕೆಂದು ಸನ್ನೆ ಮಾಡಿದಳು. ಸನ್ನೆ ಕಂಡು ಶಿವಕುಮಾರ್ ಖುಷಿಪಟ್ಟ. ಪ್ರೇಮಲೀಲಾ ನೀರು ಕುಡಿಸುತ್ತಾ ಯೋಚಿಸಿದಳು. ಮಾತಿದ್ದವರು ಯಾಕೆ ಸನ್ನೆ ಮಾಡುತ್ತಾರೆ?

ಭಾನುವಾರ ಬೆಳಿಗ್ಗೆ ಅವಳು ಕರಡಿಗೆಯನ್ನು ತಂಗಿಯ ಕೊರಳಿಗೆ ಕಟ್ಟುತ್ತಿದ್ದಳು. ಕಿಟಕಿಯಾಚೆ ಯಾವುದೋ ಬಸ್ಸು ಹಾರ್ನ್ ಹಾಕಿತು. ಹೇಮಶ್ರೀಯ ತುಟಿ ಅಲ್ಲಾಡಿತು. ಪ್ರೇಮಲೀಲಾ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು.

“ಮಡಿಕೇರಿ ಕಡೆಗೆ ಹೋಗುವ ಬಸ್ಸು,” ಒಣಗಿದ ದನಿ, ಆದರೆ ಮೈಕಿನ ಧಾಟಿಯೇ. “ಇಲವಾಲ…”

ನಿಂತಿತು. ಮುಂದೆ ಬಿಳಿಕೆರೆ ಬರಬೇಕು. ಆ ದಾರಿ ಪ್ರೇಮಲೀಲಾಳಿಗೂ ಬಾಯಿಪಾಠ.

“ಹುಣಸೂರು,” ಎಂದಳು ಹೇಮಶ್ರೀ. “ಪಿರಿಯಾಪಟ್ಟಣ. ಕುಶಾಲನಗರ.”

ಬಿಳಿಕೆರೆ ಇಲ್ಲ. ಹೋಯಿತು. ಒಂದು ಊರು ಹೋಗಿದೆ ಎಂದರೆ ಇನ್ನೆಷ್ಟು ಹೋಗಿವೆಯೋ, ನನ್ನ ಹೆಸರಿದೆಯೋ ಇಲ್ಲವೋ. ಪ್ರೇಮಲೀಲಾಳ ಕೈಯಿಂದ ದಾರದ ಗಂಟು ಜಾರಿತು. ಆದರೂ ಕೇಳದೆ ಇರಲಾರದವಳಾಗಿ, ಮಗುವಿಗೆ ಹೇಳಿಕೊಡುವಂತೆ ಮೆಲ್ಲಗೆ ಅಂದಳು, “ಬಿಳಿಕೆರೆ, ಹೇಮಾ. ಇಲವಾಲ ಆದ್ಮೇಲೆ ಬಿಳಿಕೆರೆ.”

ಹೇಮಶ್ರೀ ಕಣ್ಣು ತೆರೆದು ಅಕ್ಕನನ್ನು ನೋಡಿದಳು. ಬೇಸರ, ಆಯಾಸ, ಹಳೆಯ ತಾತ್ಸಾರ ಎಲ್ಲವೂ ಆ ನೋಟದಲ್ಲಿ ಇದ್ದವು.

“ಎಕ್ಸ್‌ಪ್ರೆಸ್ ಕಣೇ. ಬಿಳಿಕೆರೇಲಿ ನಿಲ್ಲಲ್ಲ.”

ಪ್ರೇಮಲೀಲಾ ಆಗ ಅತ್ತಳು. ಇನ್ನೂ ಏನೋ ಕೇಳಬೇಕೆನಿಸಿತು, ಇನ್ನೊಂದು ದಾರಿ, ಇನ್ನೊಂದು ಊರು, ಕೇಳಲಿಲ್ಲ. ಗಂಟನ್ನು ಬಿಗಿಯಾಗಿ ಹಾಕಿ, ಸರಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದಳು.

ಸೋಮವಾರ ಅವಳು ಕಾಲೇಜಿಗೆ ಹೋದಾಗ ತರಗತಿ ಇನ್ನೂ ಶುರುವಾಗಿರಲಿಲ್ಲ. ಸ್ಟೂಲು ಹತ್ತಿ, ಬ್ಲೇಡಿನ ಮೊನೆಯಿಂದ, ಗೋಡೆಯ ಚಾರ್ಟಿನ ಆ ಎರಡು ನೀಲಿ ಗೆರೆಗಳನ್ನು ಕೆರೆಯತೊಡಗಿದಳು. ಶಾಯಿ ಕಾಗದದೊಳಗೆ ಇಳಿದಿತ್ತು, ಸುಲಭವಾಗಿ ಬರಲಿಲ್ಲ.