ದಪ್ಪ ಹಿಡಿಯ ಚಮಚ

ಯಾರ ಹತ್ರ ಬಾಯಿ ಬಿಟ್ಟೆ, ಹೇಳು, ನಿನ್ನ ಅಣ್ಣನ ಹತ್ರಾನಾ, ಎದುರುಮನೆಯವಳ ಹತ್ರಾನಾ, ನಿನ್ನ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ವಲ್ಲ — ಬೀಗ ರಿಪೇರಿಯವನು ಬುತ್ತಿ ತಂದ ಹೆಂಡತಿಯ ಮೂಗಿಗೇ ಫೋನು ಹಿಡಿದಿದ್ದ, ಅದರಲ್ಲಿ ಮತ್ತೆ ಆ ಚಮಚದ ಜಾಹೀರಾತು, ಬೆಳಗಿನಿಂದ ನಾಲ್ಕನೆಯ ಸಲ, ದಪ್ಪ ಹಿಡಿಯದು, ಕೈ ನಡುಗುವವರಿಗಾಗಿ ಎಂದು ಕೆಳಗೆ ಬರೆದದ್ದು, ಯಾರೋ ಬೇಕಂತಲೇ ಕಳಿಸುತ್ತಿದ್ದಾರೆ, ಇವನ ಕೈ ನಡುಗುತ್ತದೆಂದು ಬೀದಿಗೆ ಗೊತ್ತಾದರೆ ಅಂಗಡಿಗೆ ಯಾರು ಬರುತ್ತಾರೆ, ಇವನದೇ ಬೀಗ ಇವನ ಬಾಗಿಲಿಗೆ. ಅವಳು ಚಮಚ ನೋಡಲಿಲ್ಲ, ಅವನ ಕೈ ನೋಡಿದಳು. ಏನ್ರೀ, ನಿಮ್ಮ ಕೈ ನಡುಗತ್ತಾ, ಯಾವಾಗಿಂದ — ಅವನು ಫೋನು ಕೆಳಗಿಳಿಸಿದ, ಹಾಗಾದರೆ ಇವಳಿಗೆ ಗೊತ್ತೇ ಇರಲಿಲ್ಲ, ಊಟಕ್ಕೆ ಕೂತಾಗ ಎಡಗೈಯನ್ನು ತೊಡೆಯಡಿ ಒತ್ತಿಟ್ಟದ್ದು ಇವಳಿಗೆ ಕಂಡಿಲ್ಲ, ತಾನು ಡಾಕ್ಟರ ಬಳಿಯೂ ಹೋಗಿಲ್ಲ, ಮತ್ತೆ ಯಾರು, ಮಂಗಳವಾರ, ಹೌದು ಮಂಗಳವಾರ, ಕೀಲಿ ಉಜ್ಜುವ ಅರ ಕೈಯಿಂದ ಜಾರಿ ಬಿದ್ದ ಮೇಲೆ ಶಟರ್ ಎಳೆದುಕೊಂಡು ಫೋನನ್ನು ಬಾಯಿಗೆ ಹಿಡಿದು ಅದನ್ನೇ ಕೇಳಿದ್ದ, ಬೆರಳು ನಡುಗೋದು ಯಾಕೆ, ಒಂದೇ ಸಲ, ಪಿಸುಮಾತಲ್ಲಿ. ಅದು ಹೋಗಿ ಚಮಚ ಮಾರುವವನಿಗೆ ಹೇಳಿತೇ, ಥೂ, ಇಷ್ಟು ಮನೆಗಳ ಕೀಲಿ ಇವನ ಕೈ ದಾಟಿವೆ, ಒಬ್ಬರದೂ ನಕಲು ಇಟ್ಟುಕೊಂಡವನಲ್ಲ, ಸೋಪಿನ ಮೇಲೆ ತೆಗೆದ ಅಚ್ಚನ್ನೂ ಗಿರಾಕಿಯ ಕಣ್ಣೆದುರೇ ಹಿಸುಕಿ ಹಾಕುವವನು, ಇವನ ನಡುಕದ ಅಚ್ಚು ತೆಗೆದವರು ಅದನ್ನು ಯಾರೆದುರು ಹಿಸುಕಿದರು. ಯಾರ ಹತ್ರ ಬಾಯಿ ಬಿಟ್ರಿ ಅಂತ ಈಗ ನಾನು ಕೇಳ್ತೀನಿ, ಅವಳ ದನಿ ಏರಲೇ ಇಲ್ಲ. ಇದರ ಹತ್ರ, ಅಂದ ಅವನು, ಫೋನು ತೋರಿಸಿ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಹೇಳಲಿಲ್ಲ, ಆ ಡಬ್ಬಿಗೆ ಹೇಳಿದ್ರಿ, ಅದು ಡಂಗುರ ಹೊಡೆದ್ರೆ ನಾಲಿಗೆ ಕೆಟ್ಟದ್ದು ನಂದು. ಮನೆಯ ಕೀಲಿಯನ್ನು ಅರದ ಪಕ್ಕ ಇಟ್ಟಳು, ಅವನೇ ಉಜ್ಜಿ ಮಾಡಿಕೊಟ್ಟದ್ದು, ಮೆಟ್ಟಿಲಿಳಿದಳು, ಕೋಪ ಇಳಿದರೆ ಬರುತ್ತಾಳೆ, ಬರುತ್ತಾಳೆ, ತಪ್ಪಾಯ್ತು ಅನ್ನಬೇಕು, ಆ ಮಾತು ಹೊರಳಿ ಅಭ್ಯಾಸವಿಲ್ಲದ ನಾಲಿಗೆ ಇದು, ಬುತ್ತಿ ಆರಿತು, ಬಿಸಿಲು ಹೊಸ್ತಿಲು ದಾಟಿ ಎದುರು ಗೋಡೆ ಹತ್ತಿತು, ಅವಳು ಬರಲಿಲ್ಲ, ಕರೆಯೋಣವೆಂದು ಫೋನೆತ್ತಿದ, ಬೆರಳು ನಡುಗಿ ಎಲ್ಲೋ ಒತ್ತಿತು, ಅವಳ ನಂಬರಿನ ಬದಲು ಆ ಚಮಚ, ದಪ್ಪ ಹಿಡಿ, ಅದನ್ನು ಹಿಡಿದ ಯಾರದೋ ಅಲುಗದ ಕೈ, ಆ ಚಮಚ