ಕಿವಿಯೊಳಗಿನ ಅಮ್ಮ

"ಇವನ ತಲೇಲಿ ಏನೂ ಇಲ್ಲ ಕಣ್ರಪ್ಪಾ. ಅವರಮ್ಮ ಕಿವೀಲಿ ಊದ್ತಾಳೆ, ಇವನ ಬಾಯಲ್ಲಿ ಬರುತ್ತೆ. ಬರೀ ಕೊಳವೆ ಇವನು!"

ಹೀಗಂದವರು ಕಾರ್ಯಕ್ರಮದ ಗುತ್ತಿಗೆದಾರ ದೋನ್ ಎವರಿಸ್ತೋ. ಅಂದದ್ದು ಸಾನ್ ಹಸಿಂತೋ ಎಂಬ ಊರಿನ ಕೋಳಿ ಅಂಕದ ಕಣದಲ್ಲಿ, ನನ್ನ ವಾದ್ಯದವರು, ಕುರ್ಚಿ ಹಾಕುವವರು, ಹುಂಜ ಹಿಡಿದು ನಿಂತವರು ಎಲ್ಲರ ಎದುರಿಗೆ. ಎಲ್ಲರೂ ನಕ್ಕರು. ನಾನೇ ಸಂಬಳ ಕೊಡುವ ತುತ್ತೂರಿಯವನೂ ನಕ್ಕ.

ನಾನು ಕೇಳಿದ್ದಾದರೂ ಏನು? ರಾತ್ರಿ ಅಂಕ ಮುಗಿದ ಮೇಲೆ ಅದೇ ಮರಳಿನ ಮೇಲೆ ನಿಂತು ಹಾಡಬೇಕಾದವನು ನಾನು. ಅಷ್ಟೊಂದು ಹಾಡುಗಳಲ್ಲಿ ಒಂದು, ಒಂದೇ ಒಂದು, ನಾನು ಕಟ್ಟಿದ್ದಿರಲಿ ಎಂದೆ. ಅಷ್ಟಕ್ಕೇ ಇಷ್ಟು.

"ಜನ ಬರೋದು ಗುಬ್ಬಿ ನೋಡೋಕೆ ಮರಿ," ಎಂದರು ದೋನ್ ಎವರಿಸ್ತೋ. "ನಿನ್ನ ಗೋಳು ಕೇಳೋಕಲ್ಲ."

ಗುಬ್ಬಿ ಎಂದರೆ ನಾನೇ. ಏಳನೇ ವಯಸ್ಸಿನಲ್ಲಿ ಟೀವಿ ಧಾರಾವಾಹಿಯಲ್ಲಿ ಗುಬ್ಬಿ ಎಂಬ ಕೆಂಪು ಟೋಪಿಯ ಅನಾಥ ಹುಡುಗನಾಗಿ ಇಡೀ ಮೆಕ್ಸಿಕೋವನ್ನು ಅಳಿಸಿದ್ದೆ. ಈಗ ನನಗೆ ಇಪ್ಪತ್ತಮೂರು. ಗಡ್ಡ ಬಂದಿದೆ, ಸಿಗರೇಟು ಸೇದುತ್ತೇನೆ, ಉಲಿಸೆಸ್ ಎಂಬ ಹೆಸರಿನಲ್ಲಿ ಎರಡು ಆಲ್ಬಂ ಬಂದಿವೆ. ಏನು ಬಂದರೇನು, ಮುದುಕಿಯರು ದಾರಿಯಲ್ಲಿ ನಿಲ್ಲಿಸಿ ಕೆನ್ನೆ ಹಿಂಡುತ್ತಾರೆ.

ನಮ್ಮ ಧಾರಾವಾಹಿಗಳಲ್ಲಿ ಮಾತನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ಕಿವಿಯಲ್ಲಿ ಕಡಲೆಕಾಳಿನಷ್ಟು ಯಂತ್ರ. ಗಾಜಿನ ಕೋಣೆಯಲ್ಲಿ ಕೂತವರು ಸಾಲು ಹೇಳುತ್ತಾರೆ, ನಾವು ಒಪ್ಪಿಸುತ್ತೇವೆ. ನನಗೆ ಹೇಳಿಕೊಡಲು ಅಮ್ಮನೇ ಕೂತಳು. ಮಗು ಬೇರೆಯವರ ದನಿ ಕೇಳುವುದಿಲ್ಲವಂತೆ. ಒಮ್ಮೆ ಧಾರಾವಾಹಿಯ ತಾತನ ಶವಪೆಟ್ಟಿಗೆ ತಬ್ಬಿಕೊಂಡು ಅಳುವಾಗ ಅಮ್ಮ ಯಾರಿಗೋ, "ಆ ಹಸಿರು ಕಾರು ಗೇಟಿಂದ ತೆಗೀರೋ," ಎಂದಳು. "ತಾತಾ, ಹಸಿರು ಕಾರು ಗೇಟಿಂದ ತೆಗೀರೋ!" ಎಂದು ನಾನು ಬಿಕ್ಕಿ ಬಿಕ್ಕಿ ಅತ್ತೆ. ಸತ್ತ ತಾತನೇ ನಕ್ಕುಬಿಟ್ಟ. ಆರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಕಿವಿ ಇದ್ದವನಿಗೆ ಓದು ಯಾಕೆ?

ಹಾಡಲು ಶುರು ಮಾಡಿದ ಮೇಲೂ ಯಂತ್ರ ಕಿವಿಯಿಂದ ಇಳಿಯಲಿಲ್ಲ. ಎಡಕ್ಕೆ ತಿರುಗು. ನಗು. ಆ ಹಳದಿ ಅಂಗಿಯವಳಿಗೊಂದು ಮುತ್ತು ಎಸೆ. ಥೂ!

"ಒಂದ್ಸಲ ಹಾಡಿ ತೋರಿಸ್ಲಿ ಬಿಡಿ ಅಣ್ಣಾ," ಎಂದಳು ಕಣದಲ್ಲೇ ನಿಂತಿದ್ದ ಅಮ್ಮ, ದೋನ್ ಎವರಿಸ್ತೋಗೆ. "ಕೇಳಿದ್ಮೇಲೆ ಹೇಳಿ."

ಅವಳ ಮೇಲೆ ಪ್ರೀತಿ ಉಕ್ಕಿತು. ಸುಳ್ಳೇಕೆ ಹೇಳಲಿ.

"ಅಮ್ಮಾ, ಕಿವೀದು ಹಾಗೇ ಇರ್ಲಿ. ಅದಿಲ್ದೆ ನನಗೆ ನಿಲ್ಲೋಕೇ ಬರಲ್ಲ. ಆದ್ರೆ ನೀನು ತುಟಿ ಬಿಚ್ಚಬಾರದು."

"ಇಲ್ಲ ಕಂದಾ, ಆಣೆ."

ಅವಳು ಸುರುಳಿ ವೈರುಗಳ ಹಿಂದಿನ ಮೇಜಿಗೆ ಹೋಗಿ ಮೈಕಿನ ಮುಂದೆ ಕೂತಳು. ನಾನು ಹಾಡಿದೆ. ಮೊದಲ ಚರಣದಲ್ಲಿ ಅಭ್ಯಾಸಬಲದಿಂದ ಕಿವಿಯ ದನಿಗೆ ಕಾದೆ. ಎರಡನೆಯದಕ್ಕೆ ಬರುವಾಗ ಮುಂದಿನ ಸಾಲು ಎಲ್ಲಿಂದಲೂ ಬರಲಿಲ್ಲ, ನನ್ನೊಳಗಿಂದಲೇ ಬಂತು. ತುತ್ತೂರಿಯವನು ತಾನಾಗಿ ಸೇರಿಕೊಂಡ. ಕುರ್ಚಿ ಎಳೆಯುವ ಸದ್ದು ನಿಂತಿತು. ಅಮ್ಮ ಆಣೆ ಉಳಿಸಿಕೊಂಡಳು, ಒಂದು ಉಸಿರೂ ಕೇಳಿಸಲಿಲ್ಲ. ಹಾಡು ಮುಗಿದಾಗ ಹುಂಜ ಹಿಡಿದಿದ್ದವನೊಬ್ಬ ಚಪ್ಪಾಳೆ ತಟ್ಟಲಾಗದೆ, "ಭಲೇ ಹುಡುಗಾ!" ಎಂದು ಕೂಗಿದ.

ದೋನ್ ಎವರಿಸ್ತೋ ಅಮ್ಮನ ಮೇಜಿನತ್ತ ಬಗ್ಗಿದ್ದು ಕಂಡಿತು. ಒಪ್ಪಿದರೆಂದೇ ಅಂದುಕೊಂಡೆ. ಆಗ ಕಿವಿಯಲ್ಲಿ ಅಮ್ಮ ಮಾತಾಡಿದಳು. ಏಳನೇ ವಯಸ್ಸಿನಿಂದ ಬಂದ ಚಾಳಿ. ಕಿವಿಗೆ ಬಿದ್ದದ್ದು ಬುದ್ಧಿಗೆ ಹೋಗುವ ಮೊದಲೇ ಬಾಯಿಗೆ ಹೋಗುತ್ತದೆ. ಕೈಯಲ್ಲಿ ಮೈಕು ಇತ್ತು.

"ಆಯ್ತಲ್ಲ ಅಣ್ಣಾ, ಹುಡುಗನ ಆಸೆ ತೀರ್ತು," ಎಂದೆ ನಾನು ಇಡೀ ಕಣಕ್ಕೆ ಕೇಳುವಂತೆ, ಅಮ್ಮನ ರಾಗದಲ್ಲೇ. "ನಿನ್ನೆ ನಾವು ಮಾತಾಡ್ಕೊಂಡ ಹಾಗೇ, ರಾತ್ರಿ ಈ ಹಾಡು ಇಲ್ಲ. ಕೆಂಪು ಟೋಪಿ ಹಾಕಿಸಿ ಗುಬ್ಬಿ ಹಾಡೇ ಹಾಡಿಸ್ತೀನಿ. ನಾನು ಹೇಳಿದ್ದನ್ನ ಅವನು ಯಾವತ್ತು ಮೀರಿದಾನೆ?"

ಹೇಳಿ ಮುಗಿಸಿದ ಮೇಲೆ ಅರ್ಥವಾಯಿತು.

ಈ ಸಲ ಯಾರೂ ನಗಲಿಲ್ಲ. ತುತ್ತೂರಿಯವನು ತುತ್ತೂರಿ ಒರೆಸತೊಡಗಿದ. ಮೇಜಿನ ಹಿಂದೆ ಅಮ್ಮ ತಾನು ಆರಿಸಲು ಮರೆತ ಮೈಕಿನ ಗುಂಡಿಯನ್ನೇ ನೋಡುತ್ತಿದ್ದಳು.

"ಕಂದಾ," ಎಂದಳು ಕಿವಿಯಲ್ಲಿ, ಮೆಲ್ಲಗೆ. "ನಗು. ತಮಾಷೆಗೆ ಹೇಳ್ದೆ ಅನ್ನು. ಎಲ್ರೂ ನೋಡ್ತಿದಾರೆ."

ಬಾಯಿ ತಾನಾಗಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿದೆ. ಮೈಕನ್ನು ತುತ್ತೂರಿಯವನ ಕೈಗೆ ಕೊಟ್ಟು ಕಣದ ಕಟ್ಟೆ ಹಾರಿದೆ.

"ಏಯ್! ರಾತ್ರಿ ಬಂದ ಜನಕ್ಕೆ ನಾನೇನು ಹೇಳ್ಲಿ?" ದೋನ್ ಎವರಿಸ್ತೋ ಕೂಗಿದರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು," ಎಂದಳು ಅಮ್ಮ, ಇನ್ನೂ ಕಿವಿಯಲ್ಲೇ. "ಎಲ್ಲಿಗೆ ಹೊರಟೆ? ವಾಪಸ್ ಬರ್ತೀಯ ತಾನೇ?"

ಹುಂಜದ ಬುಟ್ಟಿಗಳ ನಡುವೆ ಜನ ಸರಿದು ದಾರಿ ಬಿಟ್ಟರು. ನಾನು ನಡೆದೆ.