ಲಾಂಗ್ರಿ ಎಂದರೆ ಯಾರು?

ಐತಪ್ಪನ ತೊಡೆಯ ಗಾಯ ಮತ್ತೆ ಬಾಯಿ ತೆರೆದಿತ್ತು. ಯುದ್ಧ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಆದರೂ ಮದರಾಸಿಗೆ ಮಳೆ ಬಂತೆಂದರೆ ತೊಡೆ ಊದಿಕೊಂಡು ಕೀವು ಸೋರುವುದು ತಪ್ಪುತ್ತಿರಲಿಲ್ಲ. ಮೈಲಾಪೂರಿನ ವಠಾರದ ಮನೆಯಲ್ಲಿ ಹೆಂಡತಿ ಅಮ್ಮಣ್ಣಿ ದಿನಾ ಬೇವಿನ ನೀರು ಕಾಯಿಸಿ, ಗಾಯ ತೊಳೆದು, ಬಟ್ಟೆ ಸುತ್ತಿ ಅವನನ್ನು ಕೆಲಸಕ್ಕೆ ಕಳಿಸುತ್ತಿದ್ದಳು.

ಐತಪ್ಪ ಸದಾನಂದ ರಾಯರ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ನಿಲ್ಲುವುದೇ ಅವನ ಕೆಲಸ. ಈ ಸಲ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಒಳಗೆ ಕಬ್ಬಿಣದ ಚೂರು ಉಳಿದಿದೆ, ತೆಗೆಸದಿದ್ದರೆ ಕಾಲೇ ಹೋದೀತು.

"ಮಿಲಿಟರಿಯಲ್ಲಿ ಇದ್ದವರಿಗೆ ಆಸ್ಪತ್ರೆ ಉಂಟಂತಲ್ಲ? ಒಮ್ಮೆ ಹೋಗಿ ಕೇಳ್ಬಾರ್ದಾ ನೀವು?" ಎಂದಳು ಅಮ್ಮಣ್ಣಿ.

"ಅದೆಲ್ಲ ಸಿಪಾಯಿಗಳಿಗೆ ಮಾರಾಯ್ತಿ."

"ಮತ್ತೆ ನೀವು ಬರ್ಮಾಕ್ಕೆ ಹೋದದ್ದು ಎಂತಕ್ಕೆ, ತೀರ್ಥಯಾತ್ರೆಗಾ?"

ಐತಪ್ಪ ಎದ್ದು ಹೊರಗೆ ಹೋದ. ಬರ್ಮಾದ ಮಾತು ಬಂದಾಗಲೆಲ್ಲ ಅವನು ಹೀಗೆಯೇ ಜಾರಿಕೊಳ್ಳುತ್ತಿದ್ದ.

ಒಂದು ಸಂಜೆ ಇಬ್ಬರೂ ದೇವಸ್ಥಾನದ ಕೆರೆಯ ಪಕ್ಕದಲ್ಲಿ ನಿಧಾನವಾಗಿ ಮನೆಗೆ ಬರುತ್ತಿದ್ದರು. ಹಿಂದಿನಿಂದ ಯಾರೋ ಗಟ್ಟಿಯಾಗಿ ಕೂಗಿದರು.

"ಏ ಲಾಂಗ್ರಿ! ಲಾಂಗ್ರಿ ಐತಪ್ಪಾ!"

ಅಮ್ಮಣ್ಣಿ ತಿರುಗಿ ನೋಡಿದಳು. ಬಿಳಿ ಮೀಸೆಯ ಎತ್ತರದ ಮನುಷ್ಯ. ನಗುತ್ತ ಬರುತ್ತಿದ್ದಾನೆ. ಅವಳ ಮೈಯೆಲ್ಲ ಉರಿದುಹೋಯಿತು. ಮಗಳು ಸುಗುಣಾ ಹಿಂದಿ ಕ್ಲಾಸಿಗೆ ಹೋಗುತ್ತಿದ್ದಳು. ಮನೆಯಲ್ಲಿ ಗಟ್ಟಿಯಾಗಿ ಓದುವಾಗ ಅಮ್ಮಣ್ಣಿಯ ಕಿವಿಗೂ ನಾಲ್ಕು ಪದ ಬಿದ್ದಿದ್ದವು. ಲಂಗಡಾ ಎಂದರೆ ಕುಂಟ, ಲಂಗಡಿ ಎಂದರೆ ಕುಂಟಿ. ಅವಳ ಕಿವಿಗೆ ಕೇಳಿಸಿದ್ದು ಅದೇ. ಹೊರಗಿನ ಗಂಡಸರ ಎದುರು ತಲೆಯೆತ್ತಿ ಮಾತಾಡಿದವಳಲ್ಲ ಅವಳು. ಅವತ್ತು ರಸ್ತೆಯ ನಡುವೆಯೇ ನಿಂತುಬಿಟ್ಟಳು.

"ನಾಚಿಕೆ ಆಗುದಿಲ್ವಾ ನಿಮಗೆ? ಯುದ್ಧದಲ್ಲಿ ಪೆಟ್ಟಾದ ಕಾಲು ಅದು. ಕುಂಟ ಅಂದರೂ ತಪ್ಪೇ. ನೀವು ಕುಂಟಿ ಅಂತೀರಲ್ಲ!"

ಬಂದವನು ಕಣ್ಣು ಬಿಟ್ಟುಕೊಂಡು ನಿಂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ತಡಿ ತಂಗಿ, ತಡಿ! ಕುಂಟಿ ಅಂತ ಯಾರಂದ್ರು? ಲಾಂಗ್ರಿ ಅಂದ್ರ ದಂಡಿನ್ಯಾಗ ಅಡಗಿ ಮಾಡಾಂವ. ನಿಮ್ಮ ಸಾಲಿ ಹಿಂದಿ ಬ್ಯಾರೆ, ನಮ್ಮ ದಂಡಿನ ಹಿಂದಿ ಬ್ಯಾರೆ. ನಾ ದೊಡ್ಡಬಸಪ್ಪ, ಬೆಳಗಾವಿ ಕಡೆಯಾಂವ. ಇವನ ಪಲ್ಟನ್ನಿನ ಸುಬೇದಾರ. ಇವನ ಕೈ ರೊಟ್ಟಿ ತಿಂದು ಬದುಕಿ ಬಂದಾಂವ."

ಅಮ್ಮಣ್ಣಿ ಗಂಡನ ಮುಖ ನೋಡಿದಳು. ಐತಪ್ಪ ನೆಲ ನೋಡುತ್ತಿದ್ದ.

ಮನೆಗೆ ಬಂದು ಕಾಫಿ ಕೊಟ್ಟ ಮೇಲೆ ಐತಪ್ಪ ಬಾಯಿ ಬಿಟ್ಟ. "ಬಂದೂಕು ಹಿಡಿದೆ ಅಂತ ನಾನು ಯಾವತ್ತೂ ಹೇಳ್ಲಿಲ್ಲ. ನೀವೆಲ್ಲ ಅಂದ್ಕೊಂಡ್ರಿ, ನಾನು ಸುಮ್ಮನಾದೆ. ಯುದ್ಧಕ್ಕೆ ಹೋಗಿ ರೊಟ್ಟಿ ಸುಟ್ಟು ಬಂದೆ ಅಂತ ಹೇಗೆ ಹೇಳುದು? ಮಿಲಿಟರಿ ಆಫೀಸಿಗೆ ಹೋದರೆ ಮೊದಲು ಏನು ಕೆಲಸ ಮಾಡಿದ್ದೆ ಅಂತಲೇ ಕೇಳ್ತಾರೆ."

"ಬರೇ ರೊಟ್ಟಿ ಸುಟ್ಟೇನೋ?" ದೊಡ್ಡಬಸಪ್ಪ ಲೋಟ ಕೆಳಗಿಟ್ಟ. "ಕೇಳ ತಂಗಿ. ನಾವು ಕಂದಕದಾಗ ಸಿಕ್ಕೊಂಡಿದ್ವಿ. ಮಳಿ, ಹಸಿವು, ತಲಿ ಎತ್ತಿದ್ರ ಗುಂಡು. ಯಾರೂ ಹತ್ರ ಬರೂ ಹಂಗಿರಲಿಲ್ಲ. ಇಂವಾ ಬೆನ್ನಿಗೆ ಚಹಾದ ಡಬ್ಬಿ ಕಟಗೊಂಡು ಕೆಸರಾಗ ತೆವಳಿಕೋತ ಬಂದ. ನಡುವ ಬಾಂಬಿನ ಚೂರು ಬಂದು ತೊಡಿಗೆ ಬಡೀತು. ಹಂಗ ರಕ್ತ ಸುರಿಸಿಕೋತ ಬಂದು ಚಹಾ ಕೊಟ್ಟು, ಏನಂದ ಗೊತ್ತೇನು? 'ಸಾಹೇಬ್ರೆ, ಸಕ್ರಿ ಕಡಿಮಿ ಆಗೇತಿ' ಅಂದ!"

ಬಾಗಿಲಲ್ಲಿ ನಿಂತಿದ್ದ ಸುಗುಣಾ, "ಅಪ್ಪಾ, ನಿಜಮಾವಾ?" ಎಂದು ತಮಿಳಿನಲ್ಲೇ ಕೇಳಿದಳು.

"ಸಕ್ಕರೆ ನಿಜವಾಗಿಯೂ ಕಡಿಮೆ ಇತ್ತು ಮಗಾ," ಎಂದ ಐತಪ್ಪ.

ಅಮ್ಮಣ್ಣಿಗೆ ನಗು ಬಂತು, ಕಣ್ಣೀರೂ ಬಂತು. ಇಷ್ಟು ವರ್ಷ ತಾನು ತೊಳೆದದ್ದು ಎಂಥ ಗಾಯ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ದೊಡ್ಡಬಸಪ್ಪ ಈಗ ಪಲ್ಲಾವರದಲ್ಲಿದ್ದ. ಮಾಜಿ ಸೈನಿಕರ ಬೋರ್ಡಿನ ಕೆಲಸಕ್ಕೆ ಕೈ ಜೋಡಿಸಿದ್ದ. "ಬಂದೂಕು ಹಿಡದಾಂವ, ಸೌಟು ಹಿಡದಾಂವ ಅಂತ ಅಲ್ಲಿ ಭೇದ ಇಲ್ಲೋ," ಎಂದ. "ದಂಡಿನ್ಯಾಗ ಭರ್ತಿ ಆಗಿ ದುಡದ ಅಗಸಾನೂ ಮಾಜಿ ಸೈನಿಕನ, ನೀರು ಹೊತ್ತಾಂವನೂ ಮಾಜಿ ಸೈನಿಕನ. ಯುದ್ಧದ ಗಾಯಕ್ಕ ಮಿಲಿಟರಿ ಆಸ್ಪತ್ರಿಗೆ ಬೋರ್ಡಿನವರು ಚೀಟಿ ಬರದು ಕೊಡ್ತಾರ."

"ಧರ್ಮದ ಔಷಧಿ ನನಗೆ ಬೇಡ."

"ಧರ್ಮ ಅಂತ ಯಾರಂದ್ರು? ನಾವು ನಿನ್ನ ಚಹಾ ಕುಡದದ್ದು ಭಿಕ್ಷಾ ಆಗಿತ್ತೇನು?"

ಐತಪ್ಪ ಮತ್ತೊಂದು ತೊಡಕು ತೆಗೆದ. "ಮಿಲಿಟರಿ ಬಿಟ್ಟಾಗ ಕೊಟ್ಟ ಬಿಡುಗಡೆ ಕಾಗದ ಗೆದ್ದಲು ತಿಂದು ಹೋಯ್ತು."

"ಪಲ್ಟನ್ನಿನ ಹೆಸರು, ನಿನ್ನ ನಂಬರು ನೆನಪೈತೇನು?"

"ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೇನೆ."

"ಹಂಗಾದ್ರ ಆತು. ದಫ್ತರದಾಗ ಹುಡುಕಸೋಣ. ಸಂತಿ ದಿವಸ ಬೋರ್ಡಿನವರು ಪಲ್ಲಾವರದಾಗ ಕೂಡ್ತಾರ. ಬಾ."

ಆದರೆ ಐತಪ್ಪನಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಆಗುತ್ತಿರಲಿಲ್ಲ. ಅಮ್ಮಣ್ಣಿ ಮರುದಿನ ಹೋಟೆಲಿಗೆ ಹೋದಳು. ಗಲ್ಲಾದ ಎದುರು ಸೆರಗು ಹಿಡಿದು ನಿಂತು, "ರಾಯರೇ, ಮಧ್ಯಾಹ್ನ ಊಟ ಮುಗಿದ ಮೇಲೆ ಒಳಗಿನ ದೊಡ್ಡ ಕೋಣೆ ಖಾಲಿ ಇರ್ತದಲ್ಲ? ಬೋರ್ಡಿನವರನ್ನು ಇಲ್ಲಿಗೇ ಕರೆಸಿದರೆ ಆಗುದಿಲ್ವಾ?" ಎಂದು ಕೇಳಿದಳು.

ಸದಾನಂದ ರಾಯರು ಅವಳನ್ನೇ ನೋಡಿದರು. "ಇಷ್ಟು ವರ್ಷ ನಿನ್ನ ಧ್ವನಿಯೇ ಕೇಳಿರಲಿಲ್ಲ ನಾನು. ಕರೆಸುವ, ಅಮ್ಮಣ್ಣಿ. ಕಾಫಿ ನನ್ನದು," ಎಂದರು.

ದೊಡ್ಡಬಸಪ್ಪ ಬೋರ್ಡಿನವರನ್ನು ಒಪ್ಪಿಸಿದ. ದಂಡಿನಲ್ಲಿ ದುಡಿದವರು ಯಾರೂ ಬರಬಹುದು ಎಂದು ರಾಯರು ಗಿರಾಕಿಗಳಿಗೆಲ್ಲ ಹೇಳಿದರು. ಒಂದು ಭಾನುವಾರ ಬೋರ್ಡಿನವರು ಬಂದು ಆ ಕೋಣೆಯಲ್ಲಿ ಕುಳಿತರು. ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದ ಅಮ್ಮಣ್ಣಿಗೆ ಆಶ್ಚರ್ಯವೋ ಆಶ್ಚರ್ಯ. ಮೂಲೆಯ ಇಸ್ತ್ರಿಯವನು ಬಂದ. ಬ್ಯಾಂಕಿನ ಕಾವಲುಗಾರ ಬಂದ. ಕೊನೆಯ ಬೀದಿಯ ಕ್ಷೌರಿಕನೂ ಬಂದ. ಬಂದವರೆಲ್ಲ ಗೋಡೆಗೆ ಅಂಟಿಕೊಂಡು ಕುಳಿತರು. "ಮೊದಲು ಯಾರು?" ಎಂದು ಅಧಿಕಾರಿ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಐತಪ್ಪ ಗೋಡೆ ಹಿಡಿದು ಎದ್ದ. ಪಲ್ಟನ್ನಿನ ಹೆಸರು ಹೇಳಿದ. ನಂಬರು ಹೇಳಿದ. ಕೆಲಸ ಏನೆಂದು ಕೇಳಿದಾಗ ತುಟಿಯೊಳಗೇ ಏನೋ ಗೊಣಗಿದ. ಹಿಂದೆ ಕುಳಿತಿದ್ದ ಅಮ್ಮಣ್ಣಿ, "ಗಟ್ಟಿಯಾಗಿ ಹೇಳಿ," ಎಂದಳು.

"ಲಾಂಗ್ರಿ!" ಎಂದ ಐತಪ್ಪ. ಅಡುಗೆಮನೆಯವರೆಗೂ ಕೇಳಿಸಿತು.

ಯಾರೂ ನಗಲಿಲ್ಲ. ಅಧಿಕಾರಿ ಒಂದು ಕುರ್ಚಿ ಎಳೆದು, ಕುಳಿತುಕೊಳ್ಳಿ ಎಂದರು. ಅಷ್ಟರಲ್ಲಿ ಇಸ್ತ್ರಿಯವನು ಎದ್ದು ನಿಂತಿದ್ದ. "ನಾನು ದೋಬಿ ಸಾರ್, ಅಸ್ಸಾಂ ಕಡೆ ಇದ್ದೆ," ಎಂದು ತಮಿಳಿನಲ್ಲಿ ಹೇಳಿದ. ಅವನ ಹಿಂದೆ ಇನ್ನೊಬ್ಬ ಎದ್ದ.

ದಫ್ತರದಲ್ಲಿ ಐತಪ್ಪನ ಹೆಸರು ಸಿಕ್ಕಿತು. ಮಿಲಿಟರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಹುಣಸೆ ಬೀಜದಷ್ಟು ಕಬ್ಬಿಣದ ಚೂರನ್ನು ಹೊರಗೆ ತೆಗೆದರು. ಕಾಲು ಉಳಿಯಿತು. ಈಗ ಐತಪ್ಪ ಮತ್ತೆ ಕಾವಲಿಯ ಮುಂದೆ ನಿಲ್ಲುತ್ತಾನೆ. ವಠಾರದ ನಲ್ಲಿಯ ಹತ್ತಿರ ಹೊಸಬರು ಯಾರಾದರೂ ಸಿಕ್ಕಿದರೆ, "ನಮ್ಮವರು ದಂಡಿನಲ್ಲಿ ಅಡುಗೆ ಮಾಡಿದವರು," ಎಂದು ಅಮ್ಮಣ್ಣಿ ತಾನಾಗಿಯೇ ಹೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ದಂಡಿನಿಂದ ಬಂದವರು ಇದ್ದಾರು. ಅಡುಗೆ ಮಾಡಿದವರು, ಬಟ್ಟೆ ಒಗೆದವರು, ಗಾಯಾಳುಗಳನ್ನು ಹೊತ್ತವರು ಇದ್ದಾರು. ನಾಚಿಕೆಯಿಂದಲೋ ಸಂಕೋಚದಿಂದಲೋ ಅವರು ಬಾಯಿ ಬಿಡಲಿಕ್ಕಿಲ್ಲ. ನೀವೇ ಹೋಗಿ ಕೇಳಿ. ಬಿಡುಗಡೆ ಕಾಗದ ಇದ್ದರೆ ಜೋಪಾನವಾಗಿ ಇಡಲು ಹೇಳಿ. ಕಳೆದಿದ್ದರೆ ಪಲ್ಟನ್ನಿನ ಹೆಸರು, ನಂಬರು ಕೇಳಿಕೊಂಡು ಅವರ ಜೊತೆಗೆ ಬೋರ್ಡಿನವರ ಹತ್ತಿರ ಹೋಗಿ. ಕಚೇರಿ ದೂರವಾದರೆ ಬೋರ್ಡಿನವರನ್ನೇ ನಿಮ್ಮಲ್ಲಿಗೆ ಬರಲು ಕೇಳಿ. ಒಂದು ಜಗಲಿ, ಎರಡು ಬೆಂಚು ಇದ್ದರೆ ಸಾಕು. ಕೇಳುವವರು ಮಾತ್ರ ನೀವಾಗಬೇಕು.